ಕಾರಿನಲ್ಲಿ ಸೈಕಲ್ ಒಯ್ಯಲು ರ‍್ಯಾಕ್ ಆರಿಸುವ ಬಗೆ

ನಮ್ಮ ಕಾಸರಗೋಡು ಜಿಲ್ಲೆಯ ಕುಂಬಳೆಯಿಂದ ಬೇಕಲದ ಕಡಲ ಕರೆಗೆ ಮಕ್ಕಳನ್ನು ಸೈಕಲ್ ತುಳಿಯಲು ಕರೆದೊಯ್ಯಬೇಕೆಂದರೆ ಸೈಕಲನ್ನು ಕಾರಿನಲ್ಲಿ ಒಯ್ಯದೆ ಬೇರೆ ದಾರಿಯಿಲ್ಲ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಲಾರಿ, ಬಸ್ಸುಗಳ ನಡುವೆ ಹತ್ತು ವರ್ಷದ ಮಗುವನ್ನು ಸೈಕಲ್ ತುಳಿಯಲು ಬಿಡುವ ಧೈರ್ಯ ಯಾವ ತಂದೆತಾಯಿಗೂ ಬರುವುದಿಲ್ಲ. ರಾಣಿಪುರದ ಬೆಟ್ಟದ ಬುಡಕ್ಕೆ ಹೋಗುವವರಿಗೂ, ಪೊಸಡಿಗುಂಪೆಯ ಸುತ್ತಿನ ಒಳದಾರಿಗಳಲ್ಲಿ ತುಳಿಯಬೇಕೆನ್ನುವವರಿಗೂ, ಮಂಗಳೂರಿನ ಹಾಸ್ಟೆಲಿನಲ್ಲಿರುವ ಮಗನಿಗೆ ಮನೆಯ ಸೈಕಲ್ ತಲುಪಿಸಬೇಕಾದವರಿಗೂ ಎದುರಾಗುವ ಪ್ರಶ್ನೆ ಒಂದೇ. ಯಾವ ರ‍್ಯಾಕ್ ಕೊಳ್ಳಬೇಕು?

ಈ ಪ್ರಶ್ನೆಯನ್ನು ನಮ್ಮಲ್ಲಿ ಹೆಚ್ಚಿನವರು ತುದಿಯಿಂದ ಹಿಡಿಯುತ್ತಾರೆ. ಮೊದಲು ರ‍್ಯಾಕಿನ ಚಿತ್ರ ನೋಡಿ ಮೆಚ್ಚುತ್ತಾರೆ, ತರಿಸಿಕೊಳ್ಳುತ್ತಾರೆ, ಆಮೇಲೆ ಅದನ್ನು ಕಾರಿಗೆ ಹೊಂದಿಸಲು ಹೆಣಗುತ್ತಾರೆ. ಕಾರು ಎಲ್ಲಿ ಎಷ್ಟು ಭಾರ ಹೊರಬಲ್ಲುದು ಎಂಬುದನ್ನು ಮೊದಲು ತಿಳಿಯಬೇಕು. ಸೈಕಲಿನ ತೂಕ, ಉದ್ದ, ಫ್ರೇಮಿನ ಆಕಾರಗಳನ್ನು ಆಮೇಲೆ ನೋಡಬೇಕು. ಅಂಗಡಿಗೆ ಹೋಗುವುದು ಇವೆರಡೂ ಮುಗಿದ ನಂತರ. ಈ ಕ್ರಮ ತಪ್ಪಿದರೆ ಏನಾಗುತ್ತದೆ ಎಂಬುದನ್ನು ನಾನು ಮೊಗ್ರಾಲ್ ಸೇತುವೆಯ ಹತ್ತಿರ ಕಂಡಿದ್ದೇನೆ. ಪೇಟೆಯ ಒಂದು ಅಂಗಡಿಯಲ್ಲಿ, "ಇದು ಎಲ್ಲ ಕಾರಿಗೂ ಆಗ್ತದೆ" ಎಂಬ ಮಾತನ್ನು ನಂಬಿ, ಹಿಂಬಾಗಿಲಿಗೆ ಪಟ್ಟಿಗಳಿಂದ ಕಟ್ಟುವ ರ‍್ಯಾಕೊಂದನ್ನು ತಂದಿದ್ದೆ. ಅದರ ಕೆಳಗಿನ ಕೊಕ್ಕೆಗಳು ಬಾಗಿಲಿನ ಲೋಹದ ಅಂಚಿಗೆ ತಲುಪದೆ ಬಂಪರಿನ ಪ್ಲಾಸ್ಟಿಕ್ ಅಂಚಿನಲ್ಲಿ ನಿಂತಿದ್ದುವು. ನಿಂತಿವೆಯಲ್ಲ ಎಂದು ಹೊರಟೆವು. ಹಿಂದಿನ ಸೀಟಿನಲ್ಲಿದ್ದ ಮಗಳು ಗಾಜಿನಲ್ಲಿ ನೋಡುತ್ತಾ, "ಅಪ್ಪಾ, ಸೈಕಲ್ ಕೆಳಗೆ ಹೋಗ್ತಾ ಉಂಟು" ಎಂದಳು. ಕಾರು ಬದಿಗೆ ಹಾಕಿ ಇಳಿದು ನೋಡಿದರೆ ಒಂದು ಕೊಕ್ಕೆ ಪೂರ್ತಿ ಕಳಚಿತ್ತು, ಇನ್ನೊಂದು ಪ್ಲಾಸ್ಟಿಕ್ಕನ್ನು ಬಗ್ಗಿಸಿಕೊಂಡು ತುದಿಯಲ್ಲಿ ನೇತಾಡುತ್ತಿತ್ತು, ಸೈಕಲಿನ ಚಕ್ರ ರಸ್ತೆಯಿಂದ ಒಂದು ಗೇಣು ಮೇಲಿತ್ತು. ಹಿಂದೆ ಬರುತ್ತಿದ್ದ ಬೈಕಿನವನ ಮೇಲೆ ಅದು ಬಿದ್ದಿದ್ದರೆ ಎಂಬ ಯೋಚನೆ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಮೊದಲು ಕಾರನ್ನು ಓದಿ

ಕಾರಿನೊಂದಿಗೆ ಬಂದ ಕೈಪಿಡಿಯನ್ನು ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಿಂದ ಹೊರತೆಗೆದು, ಕಾರಿನ ಮಾಡಿನ (ಮೇಲ್ಛಾವಣಿಯ) ಮೇಲೆ ಎಷ್ಟು ಭಾರ ಹೇರಬಹುದು ಎಂಬ ಸಾಲನ್ನು ಹುಡುಕಬೇಕು. ಈ ಅಂಕಿ ಕಾರಿನಿಂದ ಕಾರಿಗೆ ಬೇರೆ. 50 ಕಿಲೋ ಅಥವಾ 75 ಕಿಲೋ ಎಂಬ ಮಿತಿಗಳು ಸಾಮಾನ್ಯವಾಗಿ ಕಾಣಸಿಗುತ್ತವೆ. ಕೆಲವು ಕಾರುಗಳ ಕೈಪಿಡಿ ಮಾಡಿನ ಮೇಲೆ ಏನನ್ನೂ ಹೇರಬಾರದೆಂದೇ ಹೇಳುತ್ತದೆ. ಈ ಮಿತಿಯೊಳಗೆ ಸೈಕಲುಗಳ ತೂಕ ಮಾತ್ರವಲ್ಲ, ಮಾಡಿಗೆ ಅಡ್ಡಲಾಗಿ ಬಿಗಿಯುವ ಅಡ್ಡಪಟ್ಟಿಗಳ ಮತ್ತು ರ‍್ಯಾಕಿನ ತೂಕವೂ ಸೇರಿದೆ ಎಂಬುದನ್ನು ಮರೆಯುವವರೇ ಹೆಚ್ಚು. ಮಿತಿ 50 ಕಿಲೋ ಎಂದಿಟ್ಟುಕೊಳ್ಳೋಣ. ಎರಡು ಅಡ್ಡಪಟ್ಟಿಗಳಿಗೆ 5 ಕಿಲೋ, ತಲಾ 4 ಕಿಲೋ ತೂಗುವ ಎರಡು ಸೈಕಲ್ ರ‍್ಯಾಕುಗಳಿಗೆ 8 ಕಿಲೋ ಕಳೆದರೆ ಸೈಕಲುಗಳಿಗೆ ಉಳಿಯುವುದು 37 ಕಿಲೋ. 15 ಕಿಲೋದ ಎರಡು ಸೈಕಲುಗಳು ಅದರಲ್ಲಿ ಸುಖವಾಗಿ ಹೋಗುತ್ತವೆ. ಮೂರನೆಯದನ್ನು ಇನ್ನೊಂದು ರ‍್ಯಾಕಿನೊಂದಿಗೆ ಏರಿಸಿದರೆ ಒಟ್ಟು 62 ಕಿಲೋ ಆಯಿತು, ಅಂದರೆ ಮಿತಿಗಿಂತ 12 ಕಿಲೋ ಹೆಚ್ಚು. ಅಡ್ಡಪಟ್ಟಿಗೂ ರ‍್ಯಾಕಿಗೂ ತಮ್ಮತಮ್ಮ ಮಿತಿಗಳು ಬೇರೆ ಇರುತ್ತವೆ. ಕಾರು, ಅಡ್ಡಪಟ್ಟಿ, ರ‍್ಯಾಕ್ ಈ ಮೂರರಲ್ಲಿ ಯಾವುದು ಕಡಿಮೆಯೋ ಅದೇ ನಿಮ್ಮ ಮಿತಿ.

ಮಾಡಿನ ಎರಡೂ ಬದಿಯಲ್ಲಿ ಉದ್ದಕ್ಕೆ ಕಾಣುವ ಕಂಬಿಗಳನ್ನು ಕೈಯಿಂದ ಮುಟ್ಟಿ ನೋಡಿ. ನಮ್ಮ ದೇಶದಲ್ಲಿ ಮಾರಾಟವಾಗುವ ಎಷ್ಟೋ ಕಾರುಗಳಲ್ಲಿ ಈ ಕಂಬಿ ಕೇವಲ ಅಂದಕ್ಕೆ ಅಂಟಿಸಿದ ಪ್ಲಾಸ್ಟಿಕ್. ಅದಕ್ಕೆ ಅಡ್ಡಪಟ್ಟಿ ಬಿಗಿದು ಸೈಕಲ್ ನಿಲ್ಲಿಸಿದರೆ ಗಾಳಿಯ ಹೊಡೆತಕ್ಕೆ ಕಂಬಿಯೇ ಕಿತ್ತುಬರಬಹುದು. ಭಾರ ಹೊರುವ ಕಂಬಿ ಹೌದೋ ಅಲ್ಲವೋ ಎಂಬುದನ್ನು ಕೈಪಿಡಿಯಿಂದ ಅಥವಾ ಕಾರಿನ ಅಧಿಕೃತ ಸರ್ವೀಸ್ ಕೇಂದ್ರದಿಂದ ಖಚಿತಪಡಿಸಿಕೊಳ್ಳದೆ ಮುಂದುವರಿಯಬಾರದು. ಕಂಬಿ ಇಲ್ಲದ ಕಾರುಗಳಿಗೆ ಬಾಗಿಲಿನ ಚೌಕಟ್ಟಿನ ಅಂಚನ್ನು ಕಚ್ಚಿ ನಿಲ್ಲುವ ಅಡ್ಡಪಟ್ಟಿಗಳಿವೆ. ಅವು ಆಯಾ ಕಾರಿನ ಮಾಡಿನ ಬಾಗಿಗೆ ತಕ್ಕಂತೆ ತಯಾರಾದವಾಗಿರಬೇಕು. ಅಂಬಾಸಿಡರ್, ಓಮ್ನಿಗಳಂಥ ಹಳೆಯ ವಾಹನಗಳಲ್ಲಿ ಮಾಡಿನ ಅಂಚಿಗೆ ಮಳೆನೀರು ಹರಿಯುವ ಲೋಹದ ದೋಣಿ ಇರುತ್ತಿತ್ತು, ಟ್ಯಾಕ್ಸಿಗಳ ಸಾಮಾನಿನ ಕ್ಯಾರಿಯರನ್ನು ಅದಕ್ಕೇ ಬಿಗಿಯುತ್ತಿದ್ದರು. ಈಗಿನ ಹೆಚ್ಚಿನ ಕಾರುಗಳಲ್ಲಿ ಆ ದೋಣಿ ಇಲ್ಲ. ಹಳೆಯ ಕ್ಯಾರಿಯರನ್ನು ವೆಲ್ಡಿಂಗ್ ಅಂಗಡಿಯಲ್ಲಿ ಕೊಕ್ಕೆ ಬದಲಿಸಿ ಹೊಸ ಕಾರಿಗೆ ಕೂರಿಸುವುದನ್ನು ನಾನು ನಮ್ಮೂರಿನಲ್ಲೇ ನೋಡಿದ್ದೇನೆ; ಅದನ್ನು ಯಾರಿಗೂ ಸಲಹೆ ಮಾಡಲಾರೆ.

ಇನ್ನು ಹಿಂಭಾಗ. ಡಿಕ್ಕಿಯ ಬಾಗಿಲನ್ನು ಪೂರ್ತಿ ತೆರೆದು ಮೇಲಿನ ಅಂಚು, ಎರಡು ಬದಿಯ ಅಂಚು, ಕೆಳಗಿನ ಅಂಚು ಇವಿಷ್ಟರ ಮೇಲೆ ಬೆರಳಾಡಿಸಬೇಕು. ಕೊಕ್ಕೆ ಕೂರುವ ಕಡೆಯೆಲ್ಲ ಲೋಹವೇ ಇರಬೇಕು. ಮೇಲಿನ ಅಂಚಿನಲ್ಲಿ ಪ್ಲಾಸ್ಟಿಕ್ ಸ್ಪಾಯ್ಲರ್ ಇದ್ದರೆ, ಅಥವಾ ಗಾಜು ಅಂಚಿನವರೆಗೂ ಬಂದಿದ್ದರೆ, ಪಟ್ಟಿ ಕಟ್ಟುವ ರ‍್ಯಾಕ್ ಆ ಕಾರಿಗೆ ಹೊಂದಲಿಕ್ಕಿಲ್ಲ. ಕುಂಬಳೆಯಲ್ಲಿ ನಾನು ಹೋಗುವ ಸೈಕಲ್ ಅಂಗಡಿಯ ಹಿರಿಯರು ಈ ವಿಷಯದಲ್ಲಿ ನನಗೆ ಗುರು. "ರ‍್ಯಾಕ್ ಆಮೇಲೆ ನೋಡುವ ಮಾಷ್ಟ್ರೆ, ಮೊದಲು ಡಿಕ್ಕಿ ತೆಗೆದು ತೋರಿಸಿ" ಎಂದು ಅಂಗಡಿಯಿಂದ ಇಳಿದು ಬಂದು, ಕನ್ನಡಕ ಏರಿಸಿ, ಅಂಚಿನುದ್ದಕ್ಕೂ ಉಗುರಿನಿಂದ ತಟ್ಟುತ್ತಾ ಹೋದರು. ಲೋಹದ ಸದ್ದು ಎಲ್ಲಿ ನಿಂತು ಪ್ಲಾಸ್ಟಿಕ್ಕಿನ ಸದ್ದು ಎಲ್ಲಿ ಶುರುವಾಯಿತೋ ಅಲ್ಲಿ ಸೀಮೆಸುಣ್ಣದಲ್ಲಿ ಗೆರೆ ಎಳೆದರು. ಇಡೀ ಪರೀಕ್ಷೆ ಎರಡೇ ನಿಮಿಷದ್ದು. ಅಂಗಡಿಯಲ್ಲಿ ದುಡ್ಡು ಎಣಿಸುವ ಮೊದಲು ಅದನ್ನು ಮನೆಯಂಗಳದಲ್ಲಿ ನೀವೇ ಮಾಡಬಹುದು.

ಆಮೇಲೆ ಸೈಕಲ್

ಸೈಕಲಿನ ತೂಕವನ್ನು ಅಂದಾಜಿನಿಂದ ಹೇಳಬೇಡಿ, ತೂಗಿ ನೋಡಿ. ನಮ್ಮ ಕಡೆಯ ತೋಟದ ಮನೆಗಳಲ್ಲಿ ಅಡಿಕೆ ತೂಗುವ ತಕ್ಕಡಿ ಹೇಗೂ ಇರುತ್ತದೆ. ಅದಿಲ್ಲದವರು ಮನುಷ್ಯರು ನಿಂತು ತೂಗುವ ಯಂತ್ರದ ಮೇಲೆ ಸೈಕಲ್ ಎತ್ತಿ ಹಿಡಿದು ನಿಂತು, ಬಂದ ಅಂಕಿಯಿಂದ ತಮ್ಮ ತೂಕ ಕಳೆದರಾಯಿತು. ಗೇರಿನ ಮೌಂಟನ್ ಸೈಕಲುಗಳು ಸಾಮಾನ್ಯವಾಗಿ 13ರಿಂದ 16 ಕಿಲೋ ತೂಗುತ್ತವೆ. ಅಜ್ಜನ ಕಾಲದ ಕಪ್ಪು ಉಕ್ಕಿನ ಸೈಕಲ್, ದಪ್ಪ ಸ್ಟ್ಯಾಂಡು, ಕ್ಯಾರಿಯರು, ಚೈನ್ ಕವರುಗಳೆಲ್ಲ ಸೇರಿ 20 ಕಿಲೋ ದಾಟುತ್ತದೆ. ಬ್ಯಾಟರಿ ಸೈಕಲುಗಳು ಇನ್ನೂ ಭಾರ; ಅವುಗಳ ಬ್ಯಾಟರಿಯನ್ನು ಕಳಚಿ ಕಾರಿನೊಳಗೆ ಇಟ್ಟರೆ ಎರಡು ಮೂರು ಕಿಲೋ ಇಳಿಯುತ್ತದೆ, ಮಳೆಯಿಂದಲೂ ಅದು ಉಳಿಯುತ್ತದೆ. ಪಟ್ಟಿ ಕಟ್ಟುವ ರ‍್ಯಾಕುಗಳಲ್ಲಿ ಒಂದೊಂದು ಸೈಕಲಿಗೆ 15 ಕಿಲೋ ಆಸುಪಾಸಿನ ಮಿತಿ ಸಾಮಾನ್ಯವಾದ್ದರಿಂದ ಕಪ್ಪು ಸೈಕಲನ್ನೂ ಬ್ಯಾಟರಿ ಸೈಕಲನ್ನೂ ಅದಕ್ಕೆ ನೇತುಹಾಕುವ ಆಸೆ ಬಿಡುವುದೇ ಒಳ್ಳೆಯದು.

ಉದ್ದವನ್ನು ಅಳೆಯಲು ಹೇಳಿದಾಗ ಹಲವರು ಆಶ್ಚರ್ಯಪಡುತ್ತಾರೆ. ದೊಡ್ಡವರ ಸೈಕಲ್ ಮುಂದಿನ ಟಯರಿನಿಂದ ಹಿಂದಿನ ಟಯರಿನವರೆಗೆ ಸುಮಾರು 1.7ರಿಂದ 1.8 ಮೀಟರ್ ಉದ್ದವಿರುತ್ತದೆ. ವ್ಯಾಗನ್ ಆರ್ ಕಾರಿನ ಅಗಲ 1.62 ಮೀಟರ್, ಆಲ್ಟೊ ಕಾರಿನದು 1.49 ಮೀಟರ್. ಹಿಂಬಾಗಿಲಿನ ರ‍್ಯಾಕಿನಲ್ಲಿ ಸೈಕಲ್ ಅಡ್ಡಕ್ಕೆ ನಿಲ್ಲುವುದರಿಂದ ಇಂಥ ಕಾರುಗಳಲ್ಲಿ ಚಕ್ರದ ಒಂದಷ್ಟು ಭಾಗ ಕಾರಿನ ಮೈಯಿಂದ ಹೊರಗೆ ಚಾಚಿಕೊಳ್ಳುತ್ತದೆ. ಪೆರ್ಲ, ಬದಿಯಡ್ಕದ ಕಡೆಯ ರಸ್ತೆಗಳಲ್ಲಿ ಎದುರಿನ ಬಸ್ಸಿಗೆ ದಾರಿ ಬಿಡುವಾಗ ಹೀಗೆ ಚಾಚಿದ ಚಕ್ರವೇ ಮೊದಲು ತಗಲುವುದು. ಮುಂದಿನ ಚಕ್ರವನ್ನು ಕಳಚಿ ಕಾರಿನೊಳಗೆ ಹಾಕಿಕೊಂಡರೆ ಒಂದು ಅಡಿಯಷ್ಟು ಉದ್ದ ಕಡಿಮೆಯಾಗುತ್ತದೆ. 20 ಇಂಚು ಚಕ್ರದ ಮಕ್ಕಳ ಸೈಕಲುಗಳಿಗೆ ಈ ತೊಂದರೆಯಿಲ್ಲ.

ಫ್ರೇಮಿನ ಆಕಾರ ಮೂರನೆಯ ಸಂಗತಿ. ಮೇಲಿನ ಅಡ್ಡಕೊಳವೆ ನೇರವಾಗಿರುವ ಸೈಕಲು ರ‍್ಯಾಕಿನ ತೋಳುಗಳ ಮೇಲೆ ಸಲೀಸಾಗಿ ನೇತಾಡುತ್ತದೆ. ಲೇಡೀಸ್ ಸೈಕಲಿನಲ್ಲಿ ಆ ಕೊಳವೆ ಕೆಳಕ್ಕೆ ಬಾಗಿರುವುದರಿಂದ, ಸೀಟಿನ ಕಂಬದಿಂದ ಹ್ಯಾಂಡಲಿನ ಕಂಬಕ್ಕೆ ಹಾಯಿಸುವ ಒಂದು ತಾತ್ಕಾಲಿಕ ಅಡ್ಡಕೋಲನ್ನು ಬೇರೆಯಾಗಿ ಕೊಳ್ಳಬೇಕು; ಮಕ್ಕಳ ಪುಟ್ಟ ಸೈಕಲುಗಳಿಗೂ ಇದು ಬೇಕಾಗುತ್ತದೆ. ಕಾರ್ಬನ್ ಫ್ರೇಮಿನ ಸೈಕಲ್ ಇದ್ದವರು ಫ್ರೇಮನ್ನು ಅಮುಕಿ ಹಿಡಿಯುವ ರ‍್ಯಾಕಿನ ಹತ್ತಿರವೂ ಹೋಗಬಾರದು. ಕಾರ್ಬನ್ ಕೊಳವೆ ಒಳಗೊಳಗೇ ಸೀಳಿದರೆ ಹೊರಗೆ ಕಾಣುವುದಿಲ್ಲ, ಎಲ್ಲೋ ಇಳಿಜಾರಿನಲ್ಲಿ ತುಳಿಯುವಾಗ ಮುರಿಯುತ್ತದೆ.

ಯಾವ ಬಗೆ ಯಾರಿಗೆ

ಒಂದೇ ಸೈಕಲನ್ನು ವರ್ಷಕ್ಕೆ ಮೂರು ನಾಲ್ಕು ಬಾರಿ ಒಯ್ಯುವವರು ರ‍್ಯಾಕ್ ಕೊಳ್ಳಬೇಕಾಗಿಯೇ ಇಲ್ಲ. ಹಿಂದಿನ ಸೀಟು ಮಡಚುವ ಸಣ್ಣ ಕಾರಿನಲ್ಲಿ ಮುಂದಿನ ಚಕ್ರ ಕಳಚಿ, ಸೀಟು ತಗ್ಗಿಸಿ, ಚೈನು ಇರುವ ಬದಿ ಮೇಲೆ ಬರುವಂತೆ ಸೈಕಲನ್ನು ಮಲಗಿಸಿದರೆ ಅದು ಹಿಡಿಸುತ್ತದೆ. ಅಡಿಗೆ ಹಳೆಯ ಬೆಡ್‌ಶೀಟು ಹಾಸಿ. ಬ್ರೇಕ್ ಹಾಕಿದಾಗ ಮುಂದಕ್ಕೆ ನುಗ್ಗದಂತೆ ಫ್ರೇಮನ್ನು ಸೀಟ್‌ಬೆಲ್ಟಿನ ಬುಡಕ್ಕೆ ಕಟ್ಟಿ. ಹೈಡ್ರಾಲಿಕ್ ಡಿಸ್ಕ್ ಬ್ರೇಕ್ ಇದ್ದರೆ ಚಕ್ರ ಕಳಚಿದ ಮೇಲೆ ಬ್ರೇಕಿನ ಹಿಡಿಯನ್ನು ಒತ್ತಬಾರದು, ಪ್ಯಾಡುಗಳು ಅಂಟಿಕೊಂಡುಬಿಡುತ್ತವೆ. ನಡುವೆ ಮಡಚಿದ ರಟ್ಟಿನ ತುಂಡೊಂದನ್ನು ಸಿಕ್ಕಿಸಿದರೆ ಆ ಭಯವಿಲ್ಲ. ಬಿಸಿಲಿಲ್ಲ, ಮಳೆಯಿಲ್ಲ, ಕಳ್ಳರ ಚಿಂತೆಯಿಲ್ಲ, ಕಾನೂನಿನ ತಕರಾರೂ ಇಲ್ಲ. ಇಬ್ಬರೇ ಪ್ರಯಾಣಿಸುವಾಗ ನಾನು ಈಗಲೂ ಮಾಡುವುದು ಇದನ್ನೇ.

ಎರಡು ದೊಡ್ಡ ಸೈಕಲುಗಳನ್ನು ಮೇಲಿಂದ ಮೇಲೆ ಒಯ್ಯುವವರಿಗೆ ಮಾಡಿನ ರ‍್ಯಾಕೇ ಸರಿ ಎಂಬುದು ನನ್ನ ಅಭಿಪ್ರಾಯ. ಇದರಲ್ಲಿ ಮೂರು ಬಗೆ. ಒಂದರಲ್ಲಿ ಚಕ್ರಗಳೆರಡೂ ತೋಡಿನಂಥ ಹಳಿಯಲ್ಲಿ ಕೂತು, ಒಂದು ತೋಳು ಫ್ರೇಮಿನ ಕೆಳಕೊಳವೆಯನ್ನು ಹಿಡಿಯುತ್ತದೆ. ಸೈಕಲಿನಿಂದ ಏನನ್ನೂ ಕಳಚಬೇಕಾಗಿಲ್ಲವಾದ್ದರಿಂದ ಮನೆಮಂದಿಗೆ ಇದು ಸುಲಭ. ಎರಡನೆಯದರಲ್ಲಿ ಮುಂದಿನ ಚಕ್ರ ಕಳಚಿ, ಆ ಚಕ್ರವನ್ನು ಹಿಡಿದಿರುವ ಫೋರ್ಕಿನ ಕಾಲುಗಳನ್ನು ರ‍್ಯಾಕಿಗೆ ಬಿಗಿಯಬೇಕು. ಸೈಕಲ್ ತಗ್ಗಿ, ಅಲುಗದೆ ನಿಲ್ಲುತ್ತದೆ. ಆದರೆ ಫೋರ್ಕಿನ ಅಚ್ಚು ಹಳೆಯ 9 ಮಿಲಿಮೀಟರ್ ಬಗೆಯದೋ, 12 ಅಥವಾ 15 ಮಿಲಿಮೀಟರಿನ ದಪ್ಪ ಅಚ್ಚೋ ಎಂಬುದಕ್ಕೆ ರ‍್ಯಾಕ್ ಹೊಂದಬೇಕು. ಮೂರನೆಯದು ಟಯರುಗಳನ್ನು ಮಾತ್ರ ಹಿಡಿಯುವಂಥದ್ದು, ಫ್ರೇಮನ್ನು ಮುಟ್ಟುವುದೇ ಇಲ್ಲ. ಕಾರ್ಬನ್ ಸೈಕಲಿಗೆ ಇದು ಕ್ಷೇಮ, ಬೆಲೆಯೂ ಹೆಚ್ಚು. ಈ ಸರಕಿನಲ್ಲಿ ಹೆಸರಾದ ಥೂಲೆ 1942ರಲ್ಲಿ ಸ್ವೀಡನ್ನಿನಲ್ಲಿ ಆರಂಭವಾದ ಕಂಪೆನಿ. ಅಷ್ಟು ಬೆಲೆ ಕೊಡಲಾಗದವರು ಬೇರೆ ಹೆಸರಿನದನ್ನು ಕೊಂಡರೂ ತಪ್ಪಲ್ಲ, ಆದರೆ ಭಾರದ ಮಿತಿ ಮೈಮೇಲೆ ಅಚ್ಚಾಗಿರದ ರ‍್ಯಾಕನ್ನು ಮಾತ್ರ ಕೊಳ್ಳಬಾರದು.

ಮಾಡಿನ ರ‍್ಯಾಕಿನ ನಿಜವಾದ ಕಷ್ಟ ಎತ್ತರ. ಒಂದೂವರೆ ಮೀಟರಿನ ಕಾರಿನ ಮೇಲೆ ನಿಲ್ಲಿಸಿದ ಸೈಕಲ್ ಒಟ್ಟು ಎತ್ತರವನ್ನು ಎರಡೂಮುಕ್ಕಾಲು ಮೀಟರಿನ ಹತ್ತಿರಕ್ಕೆ ತರುತ್ತದೆ. ಮಂಗಳೂರಿನ ಮಾಲುಗಳ ನೆಲಮಾಳಿಗೆಗೆ ಅದು ನುಗ್ಗದು. ಅಪಾಯ ಹೆಚ್ಚಿರುವುದು ಅಲ್ಲಿಗಿಂತ ನಮ್ಮ ಮನೆಯಲ್ಲೇ: ಸಿಟೌಟಿನ ಮುಂದಿನ ಪೋರ್ಚು, ಅಡಿಕೆ ಒಣಗಿಸುವ ಅಂಗಳಕ್ಕೆ ಹೊದೆಸಿದ ಶೀಟಿನ ಮಾಡು, ಕಂಬದಿಂದ ಮನೆಗೆ ಜೋತುಬಿದ್ದ ಕರೆಂಟಿನ ತಂತಿ, ಗೇಟಿನ ಪಕ್ಕದ ಹಲಸಿನ ಕೊಂಬೆ. ದಿನವಿಡೀ ಸುತ್ತಿ ದಣಿದು ಬಂದವರು ಮಾಡಿನ ಮೇಲೆ ಸೈಕಲ್ ಇರುವುದನ್ನು ಮರೆತು ನೇರ ಪೋರ್ಚಿನೊಳಗೆ ನುಗ್ಗಿಸುತ್ತಾರೆ. ಅದರ ಹೊಡೆತಕ್ಕೆ ಸೈಕಲ್ ಮುರಿಯುವುದು ಮಾತ್ರವಲ್ಲ, ಕಾರಿನ ಮಾಡೂ ತಗ್ಗುತ್ತದೆ. ಟೇಪು ಹಿಡಿದು ಒಟ್ಟು ಎತ್ತರ ಅಳೆದು, "ಮೇಲೆ ಸೈಕಲ್ ಉಂಟು, 2.7 ಮೀಟರ್" ಎಂದು ಬರೆದ ಚೀಟಿಯೊಂದನ್ನು ಸ್ಟೇರಿಂಗಿನ ಎದುರಿಗೇ ಅಂಟಿಸಿ. ಕೊಳ್ಳುವ ಮೊದಲು ಕೇಳಿಕೊಳ್ಳಬೇಕಾದ ಇನ್ನೊಂದು ಪ್ರಶ್ನೆಯಿದೆ: 15 ಕಿಲೋವನ್ನು ತಲೆಯ ಮೇಲಕ್ಕೆ ಎತ್ತುವವರು ಯಾರು? ಬೆನ್ನುನೋವಿನವರು, ಒಬ್ಬರೇ ಪ್ರಯಾಣಿಸುವವರು ಈ ಬಗೆಯನ್ನು ಬಿಡಬೇಕು.

ಹಿಂಬಾಗಿಲಿಗೆ ಪಟ್ಟಿಗಳಿಂದ ಕಟ್ಟುವ ರ‍್ಯಾಕ್ ಅಗ್ಗ, ಹಗುರ, ಮಡಚಿ ಅಟ್ಟದಲ್ಲಿ ಇಡಬಹುದು. ಮಕ್ಕಳ ಎರಡು ಸೈಕಲುಗಳನ್ನು ಇಪ್ಪತ್ತು ಮೂವತ್ತು ಕಿಲೋಮೀಟರ್ ಒಯ್ಯಲು ಅದು ಸಾಕು. ನಿಮ್ಮ ಕಾರಿನ ಮಾದರಿಯ ಹೆಸರು ತಯಾರಕರ ಪಟ್ಟಿಯಲ್ಲಿ ಇರಬೇಕು ಎಂಬುದು ಇಲ್ಲಿ ಕಡ್ಡಾಯ. ರ‍್ಯಾಕ್ ಕಟ್ಟಿದ ಮೇಲೆ ಡಿಕ್ಕಿ ತೆರೆಯುವಂತಿಲ್ಲ, ಹಾಗಾಗಿ ನೀರು, ತಿಂಡಿ, ಜಾಕ್ ಎಲ್ಲವೂ ಮೊದಲೇ ಒಳಗಿನ ಸೀಟಿನ ಬಳಿ ಬರಬೇಕು. ಸೈಕಲಿನ ಟಯರು ಸೈಲೆನ್ಸರಿನ ಬಾಯಿಗೆ ನೇರವಾಗಿ ಬಂದರೆ ಬಿಸಿಗಾಳಿಗೆ ರಬ್ಬರು ಹಾಳಾಗುತ್ತದೆ ಎಂಬುದೂ ನೆನಪಿರಲಿ.

ಥಾರ್, ಬೊಲೆರೊಗಳಂತೆ ಹಿಂದೆ ಸ್ಟೆಪ್ನಿ ಹೊತ್ತ ವಾಹನಗಳಿಗೆ ಆ ಸ್ಟೆಪ್ನಿಯ ಮೇಲೆಯೇ ಕೂರುವ ರ‍್ಯಾಕುಗಳಿವೆ. ಕಟ್ಟಲು ಸುಲಭ, ಬಣ್ಣಕ್ಕೆ ಗೀರು ಬೀಳುವುದಿಲ್ಲ. ಎಲ್ಲ ಭಾರವೂ ಬಾಗಿಲಿನ ಹಿಂಜಿನ ಮೇಲೆ ಬೀಳುವುದರಿಂದ ಎರಡು ಸೈಕಲಿಗಿಂತ ಹೆಚ್ಚು ಬೇಡ. ಕಾರಿನ ಕೆಳಗೆ ಚಾಸಿಗೆ ಬಿಗಿದ ಕೊಂಡಿಯ ಮೇಲೆ ನಿಲ್ಲುವ ರ‍್ಯಾಕ್ ಹೊರದೇಶಗಳಲ್ಲಿ ಬಲು ಜನಪ್ರಿಯ. ನಮ್ಮ ಕಾರುಗಳಿಗೆ ಅಂಥ ಕೊಂಡಿ ಬರುವುದೇ ಅಪರೂಪ. ಕೆಟ್ಟುನಿಂತ ಕಾರನ್ನು ಎಳೆಯಲೆಂದು ಬಂಪರಿನ ಬಳಿ ತಿರುಪಿ ಕೂರಿಸುವ ಉಂಗುರವನ್ನು ಈ ಕೊಂಡಿಯೆಂದು ತಿಳಿಯಬಾರದು. ಗಾಳಿ ಹೀರಿ ಅಂಟಿಕೊಳ್ಳುವ ಬಟ್ಟಲಿನ ರ‍್ಯಾಕುಗಳಿಗೆ ಒಂದು ಕಣ ಮಣ್ಣೂ ಇಲ್ಲದ ನುಣುಪು ಮೈ ಬೇಕು. ಮುರಕಲ್ಲಿನ ಕೆಂಪು ಧೂಳು ದಿನವೂ ಕೂರುವ ನಮ್ಮ ಊರಿನ ಕಾರುಗಳಿಗೆ ನಾನು ಅದನ್ನು ಸೂಚಿಸುವುದಿಲ್ಲ.

ಕಾನೂನಿನ ಮಾತು

ಕೇರಳ, ಕರ್ನಾಟಕಗಳ ಗಡಿಯಾದ ತಲಪಾಡಿಯ ಆಚೆಗೂ ಈಚೆಗೂ ಮೋಟಾರು ವಾಹನ ಕಾಯಿದೆ ಒಂದೇ. 2019ರ ತಿದ್ದುಪಡಿಯಿಂದ ಸೇರಿದ ಕಲಂ 194(1ಎ) ಪ್ರಕಾರ ಹೇರಿದ ಸಾಮಾನು ವಾಹನದ ಬದಿಗಳಿಂದ ಹೊರಗೆ ಚಾಚಿದರೆ, ಅಥವಾ ಮುಂದೆ, ಹಿಂದೆ, ಮೇಲೆ ಅನುಮತಿಸಿದ ಮಿತಿಯನ್ನು ಮೀರಿದರೆ 20,000 ರೂಪಾಯಿ ದಂಡವಿದೆ. ಆಲ್ಟೊ ಕಾರಿನ ಹಿಂದೆ ದೊಡ್ಡ ಸೈಕಲನ್ನು ಅಡ್ಡಕ್ಕೆ ನೇತುಹಾಕುವವರು ಈ ಅಂಕಿಯನ್ನು ರ‍್ಯಾಕಿನ ಬೆಲೆಯ ಪಕ್ಕದಲ್ಲಿಟ್ಟು ನೋಡಬೇಕು. ನಂಬರ್ ಪ್ಲೇಟ್, ಹಿಂದೀಪ, ಇಂಡಿಕೇಟರುಗಳು ಮರೆಯಾಗಬಾರದು. ಯುರೋಪಿನಲ್ಲಿ ರ‍್ಯಾಕಿನ ಮೇಲೆ ಇನ್ನೊಂದು ನಂಬರ್ ಪ್ಲೇಟನ್ನೂ ದೀಪವನ್ನೂ ಹಾಕುವ ರೂಢಿಯಿದೆ; ನಮ್ಮಲ್ಲಿ 2019ರ ಏಪ್ರಿಲ್‌ನಿಂದ ಹೊಸ ವಾಹನಗಳಿಗೆ ಕಡ್ಡಾಯವಾಗಿರುವ ಹೈ ಸೆಕ್ಯೂರಿಟಿ ಪ್ಲೇಟನ್ನು ಕಳಚಿ ಅತ್ತಿತ್ತ ಹಾಕುವಂತಿಲ್ಲ, ಪೇಂಟರಿನಿಂದ ಬರೆಸಿದ ಫಲಕ ಅದರ ಜಾಗಕ್ಕೆ ಬರುವುದೂ ಇಲ್ಲ. ಆದ್ದರಿಂದ ರ‍್ಯಾಕ್ ಕಟ್ಟಿ, ಸೈಕಲ್ ಏರಿಸಿ, ಹತ್ತು ಹೆಜ್ಜೆ ಹಿಂದೆ ಹೋಗಿ ನಿಂತು ನೋಡಿ. ಪ್ಲೇಟಿನ ಒಂದು ಅಕ್ಷರ ಮರೆಯಾದರೂ ಆ ರ‍್ಯಾಕ್ ನಿಮ್ಮ ಕಾರಿಗೆ ಹೊಂದಿಲ್ಲವೆಂದೇ ಅರ್ಥ. ಕೊಂಡಿ ಬೆಸೆಯುವುದು, ಮಾಡು ಕೊರೆಯುವುದು ಇಂಥ ಶಾಶ್ವತ ಬದಲಾವಣೆಗಳನ್ನು ಕಲಂ 52 ನಿರ್ಬಂಧಿಸುತ್ತದೆ. ಆರ್‌ಟಿಒ ಕಚೇರಿಯಲ್ಲೂ ವಿಮೆಯವರಲ್ಲೂ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯದೆ ಅವುಗಳಿಗೆ ಕೈಹಾಕಬಾರದು.

ಅಂಗಡಿಯಲ್ಲಿ

ಕಾರನ್ನೂ ಸೈಕಲನ್ನೂ ಎರಡನ್ನೂ ಅಂಗಡಿಗೆ ಒಯ್ಯಬೇಕು. ದುಡ್ಡು ಕೊಡುವ ಮೊದಲು ರ‍್ಯಾಕನ್ನು ಕಾರಿಗೆ ಕಟ್ಟಿ, ಸೈಕಲ್ ಏರಿಸಿ ತೋರಿಸಲು ಕೇಳಿ. ಒಪ್ಪದವರಲ್ಲಿ ಕೊಳ್ಳಬೇಡಿ, ನಾನು ಅಂದು ಕೇಳಿದ್ದರೆ ಮೊಗ್ರಾಲಿನ ಪ್ರಸಂಗವೇ ನಡೆಯುತ್ತಿರಲಿಲ್ಲ. ಪಟ್ಟಿಯ ಹೊಲಿಗೆಯನ್ನು ಎಳೆದು ನೋಡಿ. ಕೊಕ್ಕೆಗಳಿಗೆ ರಬ್ಬರಿನ ಹೊದಿಕೆ ಇರಬೇಕು. ಪಟ್ಟಿ, ಬಕಲ್, ಬೀಗದ ಕೀಲಿ ಮುಂದೆ ಬಿಡಿಯಾಗಿ ಸಿಗುತ್ತವೆಯೇ ಎಂದು ವಿಚಾರಿಸಿ, ಕೀಲಿಯ ಮೇಲಿನ ನಂಬರನ್ನು ಬಿಲ್ಲಿನ ಹಿಂದೆ ಬರೆದಿಟ್ಟುಕೊಳ್ಳಿ. ಆನ್‌ಲೈನಿನಲ್ಲಿ ತರಿಸುವವರು ಹಿಂದಿರುಗಿಸುವ ಅವಕಾಶ ಇದ್ದರೆ ಮಾತ್ರ ತರಿಸಿ, ಪೆಟ್ಟಿಗೆಯನ್ನು ಹರಿಯದೆ ಇಡಿ.

ಕಟ್ಟುವ ಕ್ರಮ

ಹಿಂಬಾಗಿಲಿನ ರ‍್ಯಾಕನ್ನು ಕಟ್ಟುವ ಮುನ್ನ ಅದರ ಮೆತ್ತೆಗಳು ಕೂರುವ ಜಾಗವನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒಣ ಬಟ್ಟೆಯಿಂದ ಮತ್ತೊಮ್ಮೆ ಒರೆಸಬೇಕು. ಮೆತ್ತೆಯಡಿ ಉಳಿದ ಕೆಂಪು ಮಣ್ಣಿನ ಕಣಗಳು ಮರಳುಕಾಗದದಂತೆ ಬಣ್ಣವನ್ನು ಉಜ್ಜುತ್ತವೆ. ಮೇಲಿನ ಕೊಕ್ಕೆಗಳನ್ನು ಲೋಹದ ಅಂಚಿಗೆ ಸಿಕ್ಕಿಸಿ ಅರ್ಧ ಬಿಗಿಯಿರಿ. ಆಮೇಲೆ ಕೆಳಗಿನವು, ಕೊನೆಗೆ ಬದಿಯವು. ಎಲ್ಲವೂ ಅರ್ಧ ಬಿಗಿಯಾದ ನಂತರವೇ ಎಡಕ್ಕೊಂದು ಬಲಕ್ಕೊಂದು ಎಳೆತದಂತೆ ಪೂರ್ತಿ ಬಿಗಿಯಬೇಕು. ಒಂದೇ ಬದಿಯನ್ನು ಒಮ್ಮೆಲೇ ಬಿಗಿದರೆ ರ‍್ಯಾಕ್ ಓರೆಯಾಗಿ, ಇನ್ನೊಂದು ಬದಿಯ ಕೊಕ್ಕೆ ಅಂಚಿನಿಂದ ಜಾರುತ್ತದೆ. ಉಳಿದ ಪಟ್ಟಿಯ ತುದಿಗಳನ್ನು ಸುತ್ತಿ ಗಂಟು ಹಾಕಿ, ಇಲ್ಲವಾದರೆ ಗಾಳಿಗೆ ಪಟಪಟನೆ ಬಡಿದು ಬಣ್ಣ ಕೆಡಿಸುತ್ತವೆ.

ಭಾರದ ಸೈಕಲ್ ಕಾರಿಗೆ ಹತ್ತಿರ, ಹಗುರದ್ದು ಹೊರಗೆ. ಒಂದರ ಹ್ಯಾಂಡಲ್ ಎಡಕ್ಕಾದರೆ ಇನ್ನೊಂದರದು ಬಲಕ್ಕೆ ಬರಲಿ. ಪೆಡಲು ಗಾಜಿಗೆ ತಾಗದಂತೆ ತಿರುಗಿಸಿ, ಅದಕ್ಕೆ ಗೋಣಿಯ ತುಂಡು ಸುತ್ತಿ. ತಿರುಗುವ ಚಕ್ರ ಮತ್ತು ಹ್ಯಾಂಡಲನ್ನು ಫ್ರೇಮಿಗೆ ಕಟ್ಟಿಹಾಕಿ. ಪಂಪು, ನೀರಿನ ಬಾಟಲಿ, ಬುಟ್ಟಿ, ಮಕ್ಕಳ ಸೈಕಲಿನ ಬದಿಗಾಲಿಗಳನ್ನು ಕಳಚಿ ಒಳಗಿಡಿ. ಕಟ್ಟಲು ಹೆಚ್ಚುವರಿ ಹಗ್ಗ ಬೇಕೆನಿಸಿದರೆ ಪಾಲಿಯೆಸ್ಟರ್ ಪಟ್ಟಿ ಉತ್ತಮ. ನೈಲಾನ್ ಹಗ್ಗ ಒದ್ದೆಯಾದಾಗ ಹಿಗ್ಗುತ್ತದೆ, ಕುಂಬಳೆಯಲ್ಲಿ ಬಿಗಿದದ್ದು ಮಳೆ ಸಿಕ್ಕಿದರೆ ಕಾಸರಗೋಡು ತಲುಪುವಷ್ಟರಲ್ಲಿ ಸಡಿಲವಾಗಿರುತ್ತದೆ. ರಬ್ಬರಿನ ಎಳೆಹಗ್ಗವನ್ನು ಚಕ್ರ ಅಲುಗದಂತೆ ತಡೆಯಲು ಬಳಸಬಹುದೇ ಹೊರತು ಭಾರ ಹೊರಿಸಲು ಸಲ್ಲದು.

ಕೊನೆಯ ಪರೀಕ್ಷೆಯನ್ನು ಕೈಯಿಂದಲೇ ಮಾಡಬೇಕು. ಸೈಕಲಿನ ಫ್ರೇಮನ್ನು ಎರಡೂ ಕೈಯಿಂದ ಹಿಡಿದು ಬಲವಾಗಿ ಅಲ್ಲಾಡಿಸಿ. ಕಾರು ತನ್ನ ಸ್ಪ್ರಿಂಗುಗಳ ಮೇಲೆ ತೂಗಬೇಕು, ಸೈಕಲ್ ಮತ್ತು ರ‍್ಯಾಕ್ ಕಾರಿನೊಂದಿಗೆ ಒಂದೇ ಮೈಯಾಗಿ ಅಲುಗಬೇಕು. ಸೈಕಲ್ ಮಾತ್ರ ಅಲುಗಿದರೆ ಮತ್ತೆ ಬಿಗಿಯಿರಿ.

ಮಾಡಿನ ರ‍್ಯಾಕಿನಲ್ಲಿ ಹೆಚ್ಚು ಹೇಳುವಂಥದ್ದಿಲ್ಲ: ಅಡ್ಡಪಟ್ಟಿಗಳ ನಡುವಿನ ಅಂತರ ತಯಾರಕರು ಹೇಳಿದಷ್ಟೇ ಇರಲಿ, ಸರಿಯಾದ ಜಾಗ ಸಿಕ್ಕಿದ ಮೇಲೆ ಬಾಗಿಲಿನ ಒಳಚೌಕಟ್ಟಿನಲ್ಲಿ ಟೇಪಿನ ಗುರುತು ಹಾಕಿಡಿ, ಬೋಲ್ಟುಗಳನ್ನು ಜೊತೆಗೆ ಬಂದ ಕೀಲಿಯಿಂದಲೇ ಬಿಗಿಯಿರಿ.

ದಾರಿಯಲ್ಲಿ, ಮತ್ತು ಹಿಂದಿರುಗಿದ ಮೇಲೆ

ಹೊರಟು ಐದು ಕಿಲೋಮೀಟರ್ ಆಗುವಷ್ಟರಲ್ಲಿ ಒಮ್ಮೆ ನಿಲ್ಲಿಸಿ ಪಟ್ಟಿಗಳನ್ನು ಮುಟ್ಟಿ ನೋಡಬೇಕು. ಹೊಸ ಪಟ್ಟಿ ಮೊದಲ ಕೆಲವು ಕಿಲೋಮೀಟರಿನಲ್ಲೇ ಸ್ವಲ್ಪ ಕೂರುತ್ತದೆ. ಕುಂಬಳೆಯಿಂದ ಹೊರಟರೆ ನಾನು ಮೊಗ್ರಾಲಿನಲ್ಲಿ ಒಮ್ಮೆ, ಚಂದ್ರಗಿರಿ ಸೇತುವೆ ದಾಟಿದ ಮೇಲೆ ಮತ್ತೊಮ್ಮೆ ಇಳಿಯುತ್ತೇನೆ. ವೇಗ ಗಂಟೆಗೆ 80 ಕಿಲೋಮೀಟರ್ ದಾಟದಿರಲಿ. ರ‍್ಯಾಕಿನ ಕೈಪಿಡಿ ಅದಕ್ಕಿಂತ ಕಡಿಮೆ ಹೇಳಿದ್ದರೆ ಅಷ್ಟೇ. ಮಾಡಿನ ಮೇಲೆ ಸೈಕಲ್ ಇದ್ದಾಗ ಉದ್ದ ಸೇತುವೆಗಳಲ್ಲಿ ಕಡಲ ಕಡೆಯಿಂದ ಬೀಸುವ ಅಡ್ಡಗಾಳಿ ಕಾರನ್ನು ಬದಿಗೆ ತಳ್ಳುವುದು ಸ್ಟೇರಿಂಗಿನಲ್ಲೇ ಗೊತ್ತಾಗುತ್ತದೆ, ಅಲ್ಲಿ ವೇಗ ಇನ್ನೂ ತಗ್ಗಿಸಬೇಕು. ಹಂಪುಗಳನ್ನು ನಿಧಾನವಾಗಿ ದಾಟಿ. ಹಿಂದಿನ ರ‍್ಯಾಕ್ ರಿವರ್ಸ್ ಸೆನ್ಸಾರನ್ನು ಮರೆಮಾಡಿ ಸುಮ್ಮನೆ ಕೂಗಿಸುತ್ತದೆ, ಆದ್ದರಿಂದ ಹಿಂದಕ್ಕೆ ತೆಗೆಯುವಾಗ ಒಬ್ಬರು ಇಳಿದು ನಿಂತು ನೋಡಲಿ. ಮಳೆ ಬಂತೆಂದು ಇಡೀ ಸೈಕಲಿಗೆ ಟಾರ್ಪಾಲು ಹೊದೆಸಬಾರದು. ಗಾಳಿ ತುಂಬಿ ಅದು ಹಾಯಿಯಂತೆ ಉಬ್ಬಿ ರ‍್ಯಾಕನ್ನೇ ಎಳೆಯುತ್ತದೆ. ಸೀಟಿಗೆ ಮಾತ್ರ ಒಂದು ಪ್ಲಾಸ್ಟಿಕ್ ಚೀಲ ಕಟ್ಟಿದರೆ ಸಾಕು. ಊಟಕ್ಕೆ ನಿಲ್ಲಿಸುವಾಗ ಸೈಕಲನ್ನು ರ‍್ಯಾಕಿಗೂ ರ‍್ಯಾಕನ್ನು ಕಾರಿಗೂ ಸೇರಿಸಿ ಬೀಗ ಹಾಕಿ.

ಕಡಲ ತೀರದ ಉಪ್ಪುಗಾಳಿ ನಮ್ಮ ಜಿಲ್ಲೆಯ ರ‍್ಯಾಕುಗಳ ದೊಡ್ಡ ಶತ್ರು. ಬೇಕಲದಿಂದ ಬಂದ ಸಂಜೆಯೇ ಬಾವಿಯ ನೀರು ಹೊಯ್ದು ರ‍್ಯಾಕನ್ನೂ ಸೈಕಲನ್ನೂ ತೊಳೆದು, ಒರೆಸಿ, ನೆರಳಲ್ಲಿ ಒಣಗಿಸಬೇಕು. ಚೈನಿಗೆ ಎಣ್ಣೆ, ರ‍್ಯಾಕಿನ ತಿರುಪುಗಳಿಗೆ ಗ್ರೀಸು. ಅಲ್ಯೂಮಿನಿಯಂ ರ‍್ಯಾಕಿಗೆ ಉಕ್ಕಿನ ಬೋಲ್ಟು ಹಾಕಿದ ಕಡೆ ಉಪ್ಪುನೀರು ನಿಂತರೆ ಅಲ್ಯೂಮಿನಿಯಂ ಬಿಳಿಯ ಪುಡಿಯಾಗಿ ಉದುರುತ್ತದೆ, ಆ ಸಂದುಗಳನ್ನು ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜಿ. ಬಳಸದ ದಿನಗಳಲ್ಲಿ ರ‍್ಯಾಕನ್ನು ಕಾರಿನ ಮೇಲೆ ಬಿಡಬೇಡಿ. ಜೂನ್ ಬಂದೊಡನೆ ಪಟ್ಟಿಗಳನ್ನು ಬಿಚ್ಚಿ, ಒಣಗಿಸಿ, ಇಲಿ ಕಡಿಯದ ಡಬ್ಬದಲ್ಲಿ ಹಾಕಿ, ಕೊಂಡ ತಿಂಗಳು ಮತ್ತು ವರ್ಷವನ್ನು ಪ್ರತಿ ಪಟ್ಟಿಯ ತುದಿಯಲ್ಲಿ ಮಾರ್ಕರ್ ಪೆನ್ನಿನಿಂದ ಬರೆದಿಡಿ. ಬಿಸಿಲಿಗೆ ಬಣ್ಣ ಮಾಸಿದ, ಅಂಚಿನಲ್ಲಿ ನೂಲು ಎದ್ದ, ಮುಟ್ಟಿದರೆ ಗಡುಸೆನಿಸುವ ಪಟ್ಟಿಯನ್ನು ಹೊಸ ಋತುವಿನಲ್ಲಿ ಕಾರಿಗೆ ಕಟ್ಟದೆ, ಕತ್ತರಿಸಿ ಎಸೆದು ಬೇರೆ ತನ್ನಿ.